ಪಡವಲಕಾಯಿ ಪ್ರಸಾದವಾದದ್ದು

ನನ್ನ ಹೆಂಡತಿ ಸರ್ವಮಂಗಳೆಯ ಬುದ್ಧಿಗೆ ಬೆರಗಾಗಿ ಬೆರಗಾಗಿ ನನ್ನ ಹುಬ್ಬುಗಳು ಹಣೆ ದಾಟಿ ನೆತ್ತಿ ಸೇರಿವೆ. (ಅಲ್ಲಿ ಕೂದಲಿಲ್ಲವಾದ್ದರಿಂದ ಜಾಗಕ್ಕೇನೂ ತೊಂದರೆಯಾಗಲಿಲ್ಲ.)

ಡಾಕ್ಟರು ಆಕೆಗೆ ಹೇಳಿದ್ದು ಇಷ್ಟೇ: “ಯಜಮಾನರ ಸಕ್ಕರೆ ಏರಿದೆ. ದಿನಾ ತಟ್ಟೆಯಲ್ಲಿ ಅರ್ಧ ತರಕಾರಿ, ಮೇಲಿಷ್ಟು ಹಣ್ಣು ಇರಲಿ.” ಮರುದಿನವೇ ಮೈಲಾಪೂರಿನ ಮಾರ್ಕೆಟ್ಟಿನಿಂದ ಪಡವಲಕಾಯಿಯೊಂದು ಬಂತು. ಅದರ ತಲೆ ನಮ್ಮ ಅಡುಗೆಮನೆ ಹೊಕ್ಕಾಗ ಬಾಲ ಇನ್ನೂ ಬೀದಿಯಲ್ಲಿ ಬಸ್ಸುಗಳನ್ನು ತಡೆದು ನಿಲ್ಲಿಸಿತ್ತು.

“ರೈಲ್ವೇಲಿ ಸರ್ವೀಸ್ ಮಾಡಿದೋನು ನಾನು. ಗೂಡ್ಸ್ ಗಾಡಿ ತಿನ್ನೋದಿಲ್ಲ” ಎಂದೆ.

“ಬಿಡ್ರಿ” ಎಂದಳು, ಜಗಳವೇ ಇಲ್ಲದೆ. ಆಗಲೇ ನಾನು ಹೆದರಬೇಕಿತ್ತು. ಅದನ್ನು ಪಲ್ಯ ಮಾಡಿ, ಬೋಗುಣಿಯನ್ನು ನೇರ ದೇವರಕೋಣೆಗೆ ಒಯ್ದು, ಲಿಂಗಕ್ಕೆ ಅರ್ಪಿಸಿ, ತಂದು ನನ್ನೆದುರಿಗಿಟ್ಟಳು.

“ಈಗಿದು ಪಲ್ಯ ಅಲ್ಲ, ಪ್ರಸಾದ. ಬಿಡ್ತೀರೇನು?”

ಶಿವನೇ! ನಮ್ಮ ಮನೆತನದಲ್ಲಿ ಪ್ರಸಾದದ ಒಂದಗುಳೂ ಬಿಡುವಂತಿಲ್ಲ. ತಟ್ಟೆ ತೊಳೆದ ನೀರನ್ನೂ ಕುಡಿದೇ ಏಳಬೇಕು. ಎದ್ದೆ. ಗೂಡ್ಸ್ ಗಾಡಿ ಬಾಲದ ಸಮೇತ ಒಳಗೆ ಸೇರಿತ್ತು. ಅಂದಿನಿಂದ ಪಪ್ಪಾಯಿ, ಸೋರೆ, ಬೂದುಗುಂಬಳಗಳೆಲ್ಲ ಹೊತ್ತು ಹೊತ್ತಿಗೆ ಸಾಕ್ಷಾತ್ ಕೈಲಾಸದಿಂದಲೇ ಇಳಿದು ಬರತೊಡಗಿದವು. ನನ್ನ ನಾಲಿಗೆಯ ಸ್ವಾತಂತ್ರ್ಯ ಅಸ್ತಮಿಸಿತು.

ಒಂದು ಸಂಜೆ ನನಗೂ ಜ್ಞಾನೋದಯವಾಯಿತು. ಡಬ್ಬಿ ತುಂಬ ಬಿಸಿ ಬೋಂಡ ತಂದು, ನಾನೇ ಲಿಂಗಕ್ಕೆ ಅರ್ಪಿಸಿ, ಗೆದ್ದ ಸೇನಾಪತಿಯಂತೆ ಹೊರಬಂದೆ.

“ಮಂಗಳಾ, ಇದೂ ಪ್ರಸಾದ. ಬಿಡೋ ಹಾಗಿಲ್ಲ ಕಣೇ!”

ಆಕೆ ಭಕ್ತಿಯಿಂದ ಡಬ್ಬಿಯನ್ನು ಕಣ್ಣಿಗೊತ್ತಿಕೊಂಡಳು. “ಬಿಡೋದುಂಟೇನ್ರಿ? ಆದ್ರೆ ಪ್ರಸಾದಾನ ನಾಲ್ಕು ಜನಕ್ಕೆ ಹಂಚದೆ ತಿನ್ನಬಾರದು.”

ನನ್ನ ಅಂಗೈಗೆ ಸೊಳ್ಳೆಯೂ ಅವಮಾನವೆಂದು ಬಿಟ್ಟುಹೋಗುವಷ್ಟು ಸಣ್ಣ ಚೂರು ಬಿತ್ತು. ಉಳಿದದ್ದು ಬಟ್ಟಲು ಬಟ್ಟಲಾಗಿ ಅಪಾರ್ಟ್‌ಮೆಂಟಿನ ಅಷ್ಟೂ ಮನೆಗಳಿಗೆ ಹೋಯಿತು.

ಮರುದಿನ ಸರಿಯಾಗಿ ಊಟದ ಹೊತ್ತಿಗೆ ಯಾರೋ ಬಾಗಿಲು ಬಡಿದರು. ಎದುರುಮನೆಯ ಅನಸೂಯ ಮಾಮಿ. ಮೂರು ತಲೆಮಾರಿನಿಂದ ಈ ತಮಿಳು ಸೀಮೆಯಲ್ಲೇ ಇದ್ದು ಮಾತು ಅರ್ಧ ತಮಿಳಾದ ಕನ್ನಡತಿ.

“ಬೋಂಡಾ ಸೂಪರ್ ಮಾಮಾ! ಬಟ್ಟಲು ಖಾಲಿ ಕೊಡಕ್ಕೂಡಾದು ಅಲ್ವಾ? ವಾಳೆಪ್ಪೂ ಪೊರಿಯಲ್ ಮಾಡಿ ತಂದೆ.”

ಬಾಳೆಹೂವಿನ ಪಲ್ಯ! ಆಕೆಯ ಬೆನ್ನಹಿಂದೆ ಇನ್ನೊಂದು ಬಟ್ಟಲು, ಅದರ ಹಿಂದೆ ಮತ್ತೊಂದು: ಬೀಟ್‌ರೂಟು, ಗೋರಿಕಾಯಿ, ನುಗ್ಗೆಸೊಪ್ಪು. ಆ ಹಸಿರು ಮೆರವಣಿಗೆ ಮೆಟ್ಟಿಲಿಳಿದು, ಬೀದಿ ತಿರುಗಿ, ಸಮುದ್ರದವರೆಗೂ ಹಬ್ಬಿತ್ತೆಂದು ಪ್ರಮಾಣ ಮಾಡಿ ಹೇಳಬಲ್ಲೆ.

ಸರ್ವಮಂಗಳೆ ಒಂದೊಂದನ್ನೂ ನಗುನಗುತ್ತಾ ಈಸಿಕೊಂಡಳು. ಆಮೇಲೆ ನನ್ನತ್ತ ತಿರುಗಿಯೂ ನೋಡದೆ ಎಲ್ಲವನ್ನೂ ಹೊತ್ತು ದೇವರಕೋಣೆಯತ್ತ ನಡೆದಳು.

ನಾನೇ ತಟ್ಟೆ ಹಾಕಿಕೊಂಡು ಕೂತೆ.