ಮಾಸ್ಟರ ಬೆನ್ನಿಗೊಂದು ಕೈ

ಡಬ್ಬಿಯೇನೋ ಅಂಗೈಯಷ್ಟೇ ಇತ್ತು. ಆದರೆ ಟೈಲರ್ ಮಾಸ್ಟರ ಇಡೀ ದಿನವನ್ನು ಅದು ನುಂಗಿ ನೀರು ಕುಡಿಯಿತು.

ವರ್ಷಾನುಗಟ್ಟಲೆ ಹೊಲಿಗೆ ಯಂತ್ರದ ಮೇಲೆ ಬಗ್ಗಿ ಬಗ್ಗಿ ಮಾಸ್ಟರ ಬೆನ್ನು ಪ್ರಶ್ನಾರ್ಥಕ ಚಿಹ್ನೆಯಂತಾಗಿತ್ತು. ಎರಡು ಹೆಗಲ ನಡುವಿನ ನೋವು ನಿದ್ದೆಗೊಡುತ್ತಿರಲಿಲ್ಲ. ಮಾತಾಡಿಸುವವರಿಲ್ಲದ ಅವರ ಕೋಣೆಯಲ್ಲಿ ದಿನವೂ ತಪ್ಪದೆ ವಿಚಾರಿಸಿಕೊಳ್ಳುತ್ತಿದ್ದುದು ಅದೊಂದೇ. ಕೊನೆಗೆ ಫೋನಿನಲ್ಲಿ ಜಾಹೀರಾತು ನೋಡಿ, ಸಣ್ಣಗೆ ಕರೆಂಟು ಬಿಟ್ಟು ಬಿಗಿದ ಸ್ನಾಯು ಸಡಿಲಿಸುವ ಯಂತ್ರವೊಂದನ್ನು ತರಿಸಿದರು. ವೈರಿನ ತುದಿಗೆ ಅಂಟು ಬಿಲ್ಲೆಗಳು. ನೋವಿರುವಲ್ಲಿ ಅಂಟಿಸಬೇಕು, ಗುಂಡಿ ಒತ್ತಬೇಕು, ಅಷ್ಟೇ.

ಜೊತೆಗೆ ಬಂದ ಪುಸ್ತಿಕೆಯನ್ನು ಮಾಸ್ಟರು ನೇರವಾಗಿ ಬೆನ್ನಿನ ಚಿತ್ರವಿದ್ದ ಪುಟಕ್ಕೇ ತೆರೆದರು. ‘ಬೆನ್ನಿಗಾದರೆ ಬಿಲ್ಲೆಗಳನ್ನು ಇನ್ನೊಬ್ಬರಿಂದ ಅಂಟಿಸಿಕೊಳ್ಳಿ’ ಎಂದಿತ್ತು. ಚಿತ್ರದಲ್ಲಿ ನಗುನಗುತ್ತ ಕೂತ ಗಂಡ, ಅವನ ಹಿಂದೆ ನಗುನಗುತ್ತ ನಿಂತ ಹೆಂಡತಿ.

ಇನ್ನೊಬ್ಬರಂತೆ! ಡಬ್ಬಿಯಲ್ಲಿ ವೈರು, ಬಿಲ್ಲೆ, ಚಾರ್ಜರು ಎಲ್ಲ ಇಟ್ಟು ಕಳಿಸಿದ ಪುಣ್ಯಾತ್ಮರು ಇನ್ನೊಬ್ಬರನ್ನು ಕಳಿಸಿರಲಿಲ್ಲ. ಬೀದಿಯವರ ಬೆನ್ನುಗಳನ್ನೆಲ್ಲ ಟೇಪು ಹಿಡಿದು ಸವರಿ ಅಳೆದವರು ಮಾಸ್ಟರು. ಯಾರ ಭುಜ ಎಷ್ಟು ಜಾರಿದೆ ಎಂಬುದು ಅವರಿಗೆ ಬಾಯಿಪಾಠ. ತಮ್ಮ ಬೆನ್ನಿಗೆ ಕೊನೆಯ ಸಲ ಕೈಯಿಟ್ಟವರು ಯಾರು ಎಂದು ಯೋಚಿಸಿದರು. ನೆನಪಾಗಲಿಲ್ಲ.

ಡಬ್ಬಿ ತಂದವನು ಇನ್ನೂ ಮೆಟ್ಟಿಲ ಬಳಿ ಫೋನು ಒತ್ತುತ್ತಿದ್ದ.

“ತಮ್ಮಾ, ಇದನ್ನ ಸ್ವಲ್ಪ ನನ್ನ ಬೆನ್ನಿಗೆ ಅಂಟಿಸ್ತೀಯಾ?”

“ಬಾಗಿಲವರೆಗೆ ತಲುಪಿಸೋದಷ್ಟೇ ನನ್ನ ಕೆಲಸ, ಅಂಕಲ್. ಬೆನ್ನಿನವರೆಗೆ ಅಲ್ಲ,” ಎಂದವನೇ ಬೈಕು ಏರಿದ.

ಮಾಸ್ಟರು ಸುಮ್ಮನೆ ಬಿಡುವ ಪೈಕಿಯಲ್ಲ. ಅಂಗಡಿಯಲ್ಲಿ ಕೋಟು ತೊಡಿಸಿ ನೋಡುವ ಬೊಂಬೆಯೊಂದಿತ್ತು. ಪರದೆ ಎಳೆದು, ಅಂಗಿ ಬಿಚ್ಚಿ ಮೊಳೆಗೆ ಸಿಕ್ಕಿಸಿದರು. ಬೀದಿಯವರ ಅಂಗಿಗೆಲ್ಲ ಎಡಗಡೆ ಜೇಬಾದರೆ ಇವರದಕ್ಕೆ ಮಾತ್ರ ಬಲಗಡೆ. ಕೇಳಿದರೆ “ಮಾಸ್ಟರ್ ಅಂದ್ಮೇಲೆ ಒಂದು ವ್ಯತ್ಯಾಸ ಬೇಡ್ವಾ?” ಎನ್ನುತ್ತಿದ್ದರು.

ಬಿಲ್ಲೆಗಳನ್ನು ಅಂಟು ಹೊರಗೆ ಬರುವಂತೆ ಬೊಂಬೆಯ ಎದೆಗೆ ಗುಂಡುಸೂಜಿಯಿಂದ ಚುಚ್ಚಿ, ಹಿಂದುಹಿಂದಕ್ಕೆ ನಡೆದು ಒರಗಿದರು. ಬೊಂಬೆ ಜಾರಿತು. ಇಬ್ಬರೂ ಧಡಾರನೆ ನೆಲಕ್ಕೆ ಬಿದ್ದರು. ಎಷ್ಟೋ ಕಾಲದ ಮೇಲೆ ಮಾಸ್ಟರು ಒಬ್ಬರ ಎದೆಗೊರಗಿದ್ದರು, ಅದಕ್ಕೋ ತಲೆಯೂ ಇಲ್ಲ, ಕೈಯೂ ಇಲ್ಲ.

ಸದ್ದು ಕೇಳಿ ಪಕ್ಕದ ಕ್ಷೌರದಂಗಡಿಯವನು ಕತ್ತರಿ ಹಿಡಿದೇ ಓಡಿಬಂದ. ಮಾಸ್ಟರು ಗಡಬಡಿಸಿ ಅಂಗಿ ತೊಟ್ಟರು.

“ಏನ್ ಮಾಸ್ಟ್ರೇ, ಬೊಂಬೆ ಜೊತೆ ಕುಸ್ತೀನಾ?”

ಮಾಸ್ಟರು ವಿಷಯ ಹೇಳಿ ಬೆನ್ನು ತೋರಿಸಿದರು.

“ಬೆನ್ನು ಆಮೇಲೆ. ಇದು ಕೆಲಸ ಮಾಡುತ್ತೋ ಇಲ್ವೋ ಮೊದ್ಲು ನೋಡ್ಬೇಡ್ವಾ? ನನಗೂ ಕೈನೋವು,” ಎಂದು ಬಿಲ್ಲೆಗಳನ್ನು ಬೊಂಬೆಯಿಂದ ಕಿತ್ತು ತನ್ನ ಮುಂಗೈಗೇ ಅಂಟಿಸಿಕೊಂಡು, ಯಂತ್ರವನ್ನು ಜೇಬಿಗಿಳಿಸಿ ಹೊರಟೇಬಿಟ್ಟ. ಅವನ ಕುರ್ಚಿಯಲ್ಲಿ ಗಿರಾಕಿಯೊಬ್ಬ ಮೀಸೆ ಒಪ್ಪಮಾಡಿಸಿಕೊಳ್ಳಲು ಕಾದಿದ್ದ.

ಮಾಸ್ಟರು ಹಿಂದೆಯೇ ಓಡಿದರು. “ಕೆಲಸ ಮಾಡ್ತಾ ಹಾಕ್ಕೋಬಾರದಂತೆ ಕಣಯ್ಯಾ! ಕಮ್ಮಿಯಿಂದ ಶುರು ಮಾಡ್ಬೇಕಂತೆ!”

“ಕಮ್ಮಿ ಇಟ್ರೆ ಏನೂ ಗೊತ್ತಾಗ್ತಿಲ್ಲ,” ಎಂದವನೇ ಗುಂಡಿಯನ್ನು ಕೊನೆಯವರೆಗೂ ಒತ್ತಿದ.

ಅವನ ಕೈ ಕಪ್ಪೆಯಂತೆ ಕುಪ್ಪಳಿಸಿತು. ಕತ್ತರಿ ಕಚಕ್ಕೆಂದಿತು. ಗಿರಾಕಿಯ ಅರ್ಧ ಮೀಸೆ ತೊಡೆಯ ಮೇಲೆ ಬಂದು ಕೂತಿತು.

“ಯಾರದ್ದು ಈ ಯಂತ್ರ?” ಗಿರಾಕಿ ಗುಡುಗಿದ. ಕ್ಷೌರದವನ ಬೆರಳು ಕುಣಿಯುತ್ತಲೇ ಮಾಸ್ಟರನ್ನು ತೋರಿಸಿತು. ಇಬ್ಬರೂ ಸೇರಿ ಬಾಯಿಗೆ ಬಂದಂತೆ ಬೈದರು. “ಇನ್ನು ನನ್ನ ಅಂಗಡಿ ಕಡೆ ತಲೆ ಹಾಕ್ಬೇಡಿ!” ಎಂದು ಕ್ಷೌರದವನು ಯಂತ್ರವನ್ನು ಅವರ ಕೈಗೆ ತುರುಕಿದ. ಬೆಳಿಗ್ಗೆ ಇದ್ದ ಒಬ್ಬ ಪಕ್ಕದವನೂ ಹೋದ.

ಗಲಾಟೆಗೆ ಮಹಡಿಯ ಮನೆಯ ನರ್ಸಮ್ಮ ಮೊಣಕಾಲು ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು ಬಂದರು. ಕೆಲಸದಿಂದ ನಿವೃತ್ತರು, ಅವರೂ ಒಂಟಿ. ವರ್ಷಗಳಿಂದ ಇಬ್ಬರ ನಡುವೆ “ಜಿಪ್ ಹೋಗಿದೆ”, “ನಾಳೆ ಕೊಡ್ತೀನಿ” ಬಿಟ್ಟರೆ ಬೇರೆ ಮಾತಿರಲಿಲ್ಲ.

“ಏನಾಯ್ತು ಮಾಸ್ಟ್ರೇ?”

“ಬೆನ್ನಿಗೆ ಇದನ್ನ ಅಂಟಿಸೋಕೆ... ಯಾರೂ ಇಲ್ಲ.” ಮಾಸ್ಟರು ಕೈಯಲ್ಲಿದ್ದ ಯಂತ್ರವನ್ನು ಮುಂದೆ ಹಿಡಿದರು.

“ಅಷ್ಟೇನಾ? ಬನ್ನಿ, ಕೂತ್ಕೊಳ್ಳಿ. ಮೊದ್ಲು ಬೆನ್ನು ಒರೆಸ್ಬೇಕು.”

ಮಾಸ್ಟರು ಅಂಗಿ ಬಿಚ್ಚಿ ಅಂಗಡಿಯ ನಿಲುವುಗನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂತರು. ಹಿಂದೆ ನಿಂತ ನರ್ಸಮ್ಮ ಒದ್ದೆಬಟ್ಟೆಯಿಂದ ಹೆಗಲ ನಡುವೆ ನಿಧಾನವಾಗಿ ಒರೆಸಿದರು. ಮಾಸ್ಟರು ಕಣ್ಣು ಮುಚ್ಚಿದರು. ಯಂತ್ರ ಇನ್ನೂ ಶುರುವೇ ಆಗಿರಲಿಲ್ಲ, ಆಗಲೇ ಅರ್ಧ ನೋವು ಇಳಿದಿತ್ತು.

“ಒಣಗ್ಲಿ, ತಡೀರಿ,” ಎಂದು ನರ್ಸಮ್ಮ ಬಿಲ್ಲೆ ಹಿಡಿದು ಕನ್ನಡಿ ನೋಡಿದರು. “ಅದೇನು ನಿಮ್ಮ ಎಡಗಡೆ ಎದೆ ಮೇಲೆ ಉಬ್ಬು?”

“ಓ, ಅದಾ? ಹೃದಯ ತಾಳ ತಪ್ಪದೆ ಇರ್ಲಿ ಅಂತ ಡಾಕ್ಟ್ರು ಒಳಗೊಂದು ಯಂತ್ರ ಇಟ್ಟಿದಾರೆ. ಜೇಬು ಅದರ ಮೇಲೆ ಒತ್ತುತ್ತೆ ಅಂತಲೇ ಬಲಗಡೆ ಹೊಲ್ಕೊಳ್ಳೋದು.”

“ಪೇಸ್‌ಮೇಕರ್ ಇಟ್ಕೊಂಡು ಇದನ್ನ ತರಿಸಿದ್ರಾ!” ನರ್ಸಮ್ಮ ಬಿಲ್ಲೆಯನ್ನು ಡಬ್ಬಿಗೆ ಎಸೆದರು. “ಅದಿರೋರು ಇದನ್ನ ಮೈಗೆ ಸೋಕಿಸ್ಕೋಬಾರದು ಕಣ್ರೀ! ಎದೆಯೊಳಗಿನ ಯಂತ್ರಕ್ಕೆ ದಿಕ್ಕು ತಪ್ಪಿದ್ರೆ ಪ್ರಾಣಕ್ಕೇ ಬರುತ್ತೆ. ಪುಸ್ತಿಕೆ ಮೊದಲನೇ ಪುಟದಲ್ಲೇ ಇರುತ್ತೆ, ಓದ್ಲಿಲ್ವಾ?”

“ಡಾಕ್ಟ್ರೇ ಹೇಳಿದ್ರು, ಅದನ್ನ ಮರೆತು ಆರಾಮಾಗಿರಿ ಅಂತ. ಮರೆತುಬಿಟ್ಟಿದ್ದೆ.”

“ಬೆಳಿಗ್ಗೆಯಿಂದ ಒಬ್ಬರಾದ್ರೂ ಅಂಟಿಸಿದ್ರೆ ಏನ್ ಗತಿ ಆಗ್ತಿತ್ತು? ನಿಮಗೆ ಯಾರೂ ಇಲ್ದೇ ಇದ್ದದ್ದೇ ಪುಣ್ಯ!”

ಇದಕ್ಕೆ ಖುಷಿಪಡಬೇಕೋ ಬೇಡವೋ ಮಾಸ್ಟರಿಗೆ ತಿಳಿಯಲಿಲ್ಲ. ನರ್ಸಮ್ಮ ವೈರು ಸುತ್ತಿ ಡಬ್ಬಿ ಮುಚ್ಚಿದರು.

“ಇದು ನಿಮ್ಮ ಹತ್ರ ಇರೋದೇ ಬೇಡ. ನನ್ನ ಮೊಣಕಾಲಿಗೆ ಆಗುತ್ತೆ.”

ಮಾಸ್ಟರು ಧೈರ್ಯ ಮಾಡಿದರು. “ದಿನಾ ಬಂದು... ನಾನು ಅಂಟಿಸಿಕೊಡ್ಲಾ?”

“ಮೊಣಕಾಲಲ್ವಾ, ನನ್ನ ಕೈಗೇ ಎಟುಕುತ್ತೆ,” ಎಂದು ನರ್ಸಮ್ಮ ಡಬ್ಬಿ ಹಿಡಿದು ಮೆಟ್ಟಿಲೇರಿದರು.

ಮಾಸ್ಟರು ಅಂಗಿ ಹಾಕಿಕೊಳ್ಳಲಿಲ್ಲ. ಒರೆಸಿದ ಜಾಗ ಇನ್ನೂ ತಂಪಾಗಿತ್ತು. ಅದು ಆರುವವರೆಗೂ ಸ್ಟೂಲಿನ ಮೇಲೆ ಹಾಗೆಯೇ ಕೂತಿದ್ದರು. ಆಮೇಲೆ ನೆಲದ ಮೇಲೆ ಬಿದ್ದಿದ್ದ ಬೊಂಬೆಯನ್ನು ಎತ್ತಿ ನಿಲ್ಲಿಸಲು ಬಗ್ಗಿದರು. ಬೆನ್ನು ಚಳಕ್ಕೆಂದಿತು.