ಹುಣಸೆಹಣ್ಣಿಗೆ ಸಿಕ್ಕಿದ ಬರ್ಮಾ ಪದಕ

ಎಲೈ ಧೂಳು ಹಿಡಿದ ಗಾಜಿನ ಪೆಟ್ಟಿಗೆಗಳ ಅಧಿದೇವತೆಯೇ, ಭೂತಗನ್ನಡಿಗಳ ಒಡತಿಯೇ, ಸತ್ತವರ ಎದೆಯ ಮೇಲಿನ ಬಿಲ್ಲೆಗಳಿಗಾಗಿ ಬದುಕಿರುವವರನ್ನು ಬಡಿದಾಡಿಸುವವಳೇ, ನನ್ನ ನಾಲಿಗೆಯ ಮೇಲೆ ಒಂದರ್ಧ ಗಂಟೆ ಕೂರು! ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ, ಸೈಕಲ್ ಅಂಗಡಿಯ ಮಹಡಿಯಲ್ಲಿ, ಒಂದೇ ಒಂದು ಫ್ಯಾನು ತಿರುಗುತ್ತಿದ್ದ ಆ ಮಹಾಯುಗದಲ್ಲಿ, ವೈರಿಗಜಕೇಸರಿ, ಬಸ್‌ಡಿಪೋ-ನಿವೃತ್ತ-ಟೈಂಕೀಪರ-ಕುಲತಿಲಕ, ಧವಳಶ್ಮಶ್ರುಶೋಭಿತ ಭೈರೋಜಿರಾಯನು ಮಾಡಿದ ಮಹಾಯುದ್ಧವನ್ನು ಹೇಳುತ್ತೇನೆ. ನಡುವೆ ಯಾರೂ ಕೆಮ್ಮಬೇಡಿ.

ಆ ಮಹಡಿಯಲ್ಲಿ ಭಾನುವಾರಕ್ಕೊಮ್ಮೆ ಪುರಾತನ ಪದಕ ಸಂಗ್ರಾಹಕರ ಸಂಘ ಸೇರುತ್ತಿತ್ತು. ಸದಸ್ಯರು ಏಳು ಜನ. ಮಂಡಿ ನೆಟ್ಟಗಿದ್ದವರು ಇಬ್ಬರು. ಬ್ರಿಟಿಷರು ತಮ್ಮ ಯುದ್ಧಗಳಲ್ಲಿ ಹಂಚಿದ ಪದಕಗಳನ್ನು ಹುಡುಕುವುದು, ತೂಗುವುದು, ಬೆಲೆ ಕಟ್ಟುವುದು ಅವರ ವ್ರತ. ಸಂಘಕ್ಕೆ ಇದ್ದದ್ದು ಒಂದೇ ನಿಯಮ: ಯಾರ ಮನೆತನದ ಪದಕ ಎಲ್ಲಕ್ಕಿಂತ ಅಪರೂಪವೋ, ಫ್ಯಾನಿನ ಕೆಳಗಿನ ಬೆತ್ತದ ಕುರ್ಚಿ ಅವರದು. ಉಳಿದವರು ಬೆವರಬೇಕು.

ಇಪ್ಪತ್ತೆರಡು ವರ್ಷಗಳಿಂದ ಆ ಸಿಂಹಾಸನವನ್ನು ಭೈರೋಜಿರಾಯನು ಬಿಟ್ಟುಕೊಟ್ಟಿರಲಿಲ್ಲ. ಬರ್ಮಾ ಯುದ್ಧಕ್ಕೆ ಹೋಗಿಬಂದ ಮುತ್ತಾತ ಸುಭಾನೋಜಿಯ ಪದಕ, ಕಾಡಿಗೆಯಂತೆ ಕಪ್ಪಾದದ್ದು, ಅವನ ಬ್ರಹ್ಮಾಸ್ತ್ರ.

"ಅಪ್ಪಟ ಬೆಳ್ಳಿ ಕಣ್ರೀ! ನಮ್ಮ ಮುತ್ತಾತ ಮಾಂಡಲೆ ಬಾಗಿಲಲ್ಲಿ ಒಬ್ಬನೇ ನಿಂತು ಮೂವತ್ತು ಜನರನ್ನ ಕತ್ತರಿಸಿ ಹಾಕ್ದ!"

ಮೊದಲ ವರ್ಷ ಈ ಕತೆ ಹೇಳಿದಾಗ ಹನ್ನೆರಡೇ ಜನ ಇದ್ದದ್ದು. ಸತ್ತವರ ಲೆಕ್ಕ ಪಿಂಚಣಿಯ ತುಟ್ಟಿಭತ್ಯೆಯ ಹಾಗೆ ಏರುತ್ತಾ ಬಂದಿತ್ತು.

ಆಗ ಒಂದು ಭಾನುವಾರ, ಬೆವರಿನಿಂದ ಅಭಿಷಿಕ್ತನಾಗಿ ಎದ್ದು ನಿಂತನು ಗಡಿಯಾರಗರ್ಭಭೇದನಪ್ರವೀಣ, ಸೂಕ್ಷ್ಮಲೋಚನ, ವಾಚ್ ರಿಪೇರಿಯ ದಸ್ತಗೀರ್ ಸಾಹೇಬನು. ಅವನ ಮುತ್ತಾತನಿಗೂ ಅದೇ ಯುದ್ಧದ ಪದಕವಿತ್ತು; ಬೆಳ್ಳಿಯದು, ಹೆಸರಿದ್ದದ್ದು.

"ರಾಯರೇ, ಪದಕದ ಅಂಚಲ್ಲಿ ಹೆಸರು, ಹುದ್ದೆ ಕೊರೆದಿರ್ತಾರೆ. ನಿಮ್ದರಲ್ಲಿ ಬರೀ ಕೊಳೆ ಐತೆ. ಒಂದು ಕರಿ ಬಿಲ್ಲೆ ತೋರಿಸ್ಕೊಂಡು ಇನ್ನೆಷ್ಟು ವರ್ಷ ಗಾಳಿ ತಗೋತೀರಿ? ಓದಿ ತೋರ್ಸಿ, ಇಲ್ಲ ಇಳೀರಿ."

"ಕೊಳೆ ಅಲ್ರೀ ಅದು, ನೂರು ವರ್ಷದ ಮೆರುಗು! ಉಜ್ಜಿದ್ರೆ ಬೆಲೆ ಅರ್ಧಕ್ಕರ್ಧ ಬಿದ್ದೋಗುತ್ತೆ. ಇಷ್ಟೂ ಗೊತ್ತಿಲ್ದೆ ಸಂಘಕ್ಕೆ ಯಾಕ್ರೀ ಬರ್ತೀರಿ?"

"ಒಂದು ಬಸ್ಸನ್ನೂ ಟೈಮಿಗೆ ಬಿಡದೋರು ಹೇಳ್ತಾರೆ, ಕೇಳ್ರಪ್ಪ."

ಸಭೆ ತೀರ್ಪು ಕೊಟ್ಟಿತು: ಆಯುಧಪೂಜೆಯ ದಿನ, ಪದಕವನ್ನು ಉಜ್ಜದೆ, ಸಾಹೇಬನ ಕಣ್ಣುಗಾಜಿನಲ್ಲಿ ಅಂಚನ್ನು ಪರೀಕ್ಷಿಸತಕ್ಕದ್ದು.

ಭೈರೋಜಿರಾಯನು ಮನೆಗೆ ಹೋಗಿ ಅರ್ಧಾಂಗಿ ಅಂಬಾಬಾಯಿಯ ಮುಂದೆ ಕುಸಿದು ಕುಳಿತನು. "ಕರಿ ಬಿಲ್ಲೆ ಅಂದ್ಬಿಟ್ರು ಕಣೇ, ನಮ್ಮ ಮುತ್ತಾತನ್ನ!" ಉಜ್ಜಬಾರದೆಂಬ ಶಾಸ್ತ್ರವನ್ನು ಮಾತ್ರ ಹೇಳಲು ಮರೆತನು. ಅಂಬಾಬಾಯಿ ಸೆರಗು ಬಿಗಿದಳು.

ಆಯುಧಪೂಜೆಯ ದಿನ ಆ ಮನೆಯಲ್ಲಿ ಮಚ್ಚು, ಸ್ಕೂಟರು, ಈಳಿಗೆಮಣೆಗಳ ಜೊತೆ ಪದಕಕ್ಕೂ ಪೂಜೆ. ವೀರನು ಮುಂಚೆಯೇ ಸಂಘದ ಮಹಡಿಗೆ ಬಂದು ಕುರ್ಚಿ ಹಿಡಿದಿದ್ದನು. ಪೂಜೆ ಮುಗಿಸಿದ ಅಂಬಾಬಾಯಿ ಹರಿವಾಣ ಹಿಡಿದು ಮಹಡಿ ಹತ್ತಿ ಬಂದಳು. ಹರಿವಾಣದಲ್ಲಿ ಸೇವಂತಿಗೆ, ಕುಂಕುಮ, ಅದರ ನಡುವೆ ಪ್ರಳಯಕಾಲದ ಸೂರ್ಯನಂತೆ ಫಳಫಳಿಸುವ ಒಂದು ಬಿಲ್ಲೆ!

"ಯಾರ್ರೀ ಕರಿ ಬಿಲ್ಲೆ ಅಂದಿದ್ದು? ನೋಡಿ ಈಗ. ಅರ್ಧ ಸೇರು ಹುಣಸೆಹಣ್ಣು, ಮೇಲೆ ಬೂದಿ. ದೀಪದ ಕಂಬಗಳೂ ಇಷ್ಟು ಚೆನ್ನಾಗಿ ಬಂದಿಲ್ಲ."

ಏಳು ಮುದುಕರು ಏಕಕಂಠದಿಂದ ಮಾಡಿದ ಹಾಹಾಕಾರಕ್ಕೆ ಕೆಳಗೆ ಸೈಕಲ್ ಅಂಗಡಿಯವನು ಪಂಪು ಕೈಬಿಟ್ಟನು. ಸಾಹೇಬನು ಪದಕವನ್ನೆತ್ತಿ, ಕಣ್ಣಿಗೆ ಗಾಜು ಸಿಕ್ಕಿಸಿ, ಅಂಚನ್ನು ತಿರುಗಿಸಿದನು.

"ಬೆಳ್ಳಿ ಅಲ್ಲ. ಕಂಚು." ಇನ್ನಷ್ಟು ತಿರುಗಿಸಿದನು. "ಸುಭಾನೋಜಿ. ಹೆಸರು ಸರಿ ಐತೆ. ಹುದ್ದೆ... ಅಡುಗೆಯವನು."

ಮಾಂಡಲೆಯ ಬಾಗಿಲಲ್ಲಿ ಇಪ್ಪತ್ತೆರಡು ವರ್ಷಗಳಿಂದ ಸತ್ತು ಬಿದ್ದಿದ್ದ ಮೂವತ್ತು ಜನ ಎದ್ದು, ಮೈ ಕೊಡವಿಕೊಂಡು, ತಮ್ಮ ತಮ್ಮ ಮನೆಗೆ ಹೋದರು.

ಭೈರೋಜಿರಾಯನು ಕುರ್ಚಿ ಬಿಟ್ಟು ಏಳುವಷ್ಟರಲ್ಲಿ ಸಾಹೇಬನು ಅವನ ಭುಜ ಒತ್ತಿದನು. ಜಗಳಗಂಟನಾದರೂ ಸುಳ್ಳು ಬೆಲೆ ಕಟ್ಟಿದವನಲ್ಲ.

"ಇರಿ ರಾಯರೇ. ಸಿಪಾಯಿಗಳಿಗೆ ಬೆಳ್ಳಿ ಕೊಟ್ರು, ಅದು ರಾಶಿ ಸಿಗುತ್ತೆ. ಅಡುಗೆಯೋರಿಗೆ, ನೀರು ಹೊರೋರಿಗೆ ಕಂಚು. ಮೂವತ್ತು ವರ್ಷದಲ್ಲಿ ನಾನು ನೋಡಿರೋದೇ ಎರಡು. ಹುಣಸೆಹಣ್ಣು ತಿಂದ್ಮೇಲೂ ನಂದಕ್ಕಿಂತ ನಿಮ್ದೇ ಅಪರೂಪ. ಕುರ್ಚಿ ನಿಮ್ದು. ಆದ್ರೆ ಹುದ್ದೆ ಏನು ಅಂತ ನೀವೇ ಬಾಯಿಬಿಟ್ಟು ಹೇಳ್ಬೇಕು."

ಒಂದು ಕಡೆ ವಂಶದ ಖಡ್ಗ. ಇನ್ನೊಂದು ಕಡೆ ಗಾಳಿ. ವೀರನು ಮೇಲೆ ನೋಡಿದನು. ಮೂರು ರೆಕ್ಕೆಗಳೂ ಅವನನ್ನೇ ಕರೆಯುತ್ತಿದ್ದವು. ಕಡೆಗೆ ಎದೆ ಉಬ್ಬಿಸಿ ಗರ್ಜಿಸಿದನು:

"ಹೌದ್ರೀ, ಅಡುಗೆಯೋನೇ! ಆ ಬರ್ಮಾ ಕಾಡಲ್ಲಿ, ಜಿಗಣೆ ಮಧ್ಯ, ಒದ್ದೆ ಸೌದೆ ಊದಿ ಊದಿ ಸಾವಿರ ಜನಕ್ಕೆ ಅನ್ನ ಹಾಕ್ದ! ಸಾಹೇಬ್ರೇ, ನಿಮ್ಮ ಮುತ್ತಾತ ಬಂದೂಕು ಎತ್ತಿದ್ದು ಯಾರ ಕೈ ಅನ್ನ ತಿಂದು? ಸೌಟು ನಮ್ಮ ವಂಶದ ಆಯುಧ! ಅಡುಗೆ ನಮ್ಮ ರಕ್ತದಲ್ಲೇ ಇದೆ!"

ಸಭೆ ಚಪ್ಪಾಳೆ ತಟ್ಟಿತು. ಅಂಬಾಬಾಯಿ ಖಾಲಿ ಹರಿವಾಣವನ್ನು ಕಂಕುಳಲ್ಲಿಟ್ಟುಕೊಂಡು ಗಂಡನನ್ನೇ ನೋಡಿದಳು.

"ರಕ್ತದಲ್ಲೇ ಇದೆಯಾ? ಮದುವೆಯಾಗಿ ನಲವತ್ತಾರು ವರ್ಷ ಆಯ್ತು, ಈಗ ಹೇಳ್ತಿದೀರಲ್ಲ."

ಮರುದಿನ ಬೆಳಿಗ್ಗೆ ಆ ವೈರಿಗಜಕೇಸರಿಯು, ಎಂಟು ಈರುಳ್ಳಿಗಳನ್ನು ಸಂಹರಿಸಿ, ಕಣ್ಣೀರು ಸುರಿಸುತ್ತಾ, ಅಡುಗೆಮನೆಯ ಹೆಬ್ಬಾಗಿಲಲ್ಲಿ ಒಬ್ಬನೇ ನಿಂತು ಕೂಗಿದನು: "ಅಂಬಾ, ಉಪ್ಪಿಟ್ಟಿಗೆ ರವೆ ಮೊದಲು ಹುರೀಬೇಕಾ, ನೀರು ಮೊದಲು ಹಾಕ್ಬೇಕಾ?"

ನಡುಮನೆಯ ಫ್ಯಾನಿನ ಕೆಳಗೆ ಕಾಲು ಚಾಚಿ ಕುಳಿತಿದ್ದ ಅಂಬಾಬಾಯಿ ಪೇಪರಿನ ಪುಟ ತಿರುಗಿಸಿದಳು.

"ನಿಮ್ಮ ಮುತ್ತಾತನ್ನ ಕೇಳಿ."