ಬೇಡ ಎಂದ ಫೆಲೋಶಿಪ್

ಮಗಳು ಸೌಮ್ಯಾ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಮಾಡುತ್ತೇನೆ ಎಂದಾಗ ನಾನು ಧೈರ್ಯವಾಗಿಯೇ ಇದ್ದೆ. ಮುಂಬಯಿ ಪಕ್ಕದ ಠಾಣೆ ಪಟ್ಟಣದ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು ಊರಿನ ಮಂದಿಯನ್ನೆಲ್ಲ ಮಾತಾಡಿಸಿದವನಿಗೆ ಒಂದು ಸೀಟು ಏನು ಮಹಾ!

ಸೀಟೇನೋ ಸಿಗುತ್ತಿತ್ತು. ಫೆಲೋಶಿಪ್ ಸಿಗುತ್ತಿರಲಿಲ್ಲ. ನಾವಿದ್ದ ಡೊಂಬಿವಲಿಯ ಸೈಬರ್ ಕೆಫೆಯಲ್ಲಿ ಕೂತು ಅವಳು ಹುಡುಕಿ ಹುಡುಕಿ ಅರ್ಜಿ ಹಾಕಿದಳು. ಎಲ್ಲ ಕಡೆಯಿಂದ ಒಂದೇ ಉತ್ತರ: ಬನ್ನಿ, ಖರ್ಚು ನಿಮ್ಮದು. ನನ್ನ ಸಂಬಳದಲ್ಲಿ ಅದು ಆಗದ ಮಾತು. ಫೆಲೋಶಿಪ್ ಸಿಗದಿದ್ದರೆ ಕೋಚಿಂಗ್ ಕ್ಲಾಸಿನಲ್ಲಿ ಪಾಠ ಹೇಳಲು ಹೋಗುತ್ತೇನೆ ಎಂದು ಅವಳೇ ತೀರ್ಮಾನಿಸಿದಳು. ಹಾಗೆ ಹೇಳಿದ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ.

ಅಷ್ಟರಲ್ಲಿ ಬೇಲಾಪುರದ ಸಂಶೋಧನಾ ಸಂಸ್ಥೆಯೊಂದರಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿ ಫೆಲೋಶಿಪ್ ಸಮೇತ ಇದ್ದದ್ದು ಒಂದೇ ಸೀಟು.

“ಪಪ್ಪಾ, ಪ್ಲೀಸ್, ತುಮ್ ಲೋಗ್ ಮತ್ ಆವೋ,” ಎಂದಳು ಮುಂಬಯಿಯ ಹಿಂದಿಯಲ್ಲೇ ಬೆಳೆದ ಮಗಳು.

“ಹೆಣ್ಣುಮಗಳನ್ನು ಒಬ್ಬಳೇ ಕಳಿಸುದಾ? ಎಂತ ಮಾತಾಡ್ತಿ ನೀನು?” ಎಂದಳು ನನ್ನ ಹೆಂಡತಿ ಜಲಜ, ಡಬ್ಬಿಗೆ ಚಕ್ಕುಲಿ ತುಂಬಿಸುತ್ತ. ಹೀಗೆ ಒಂದು ಸಂದರ್ಶನಕ್ಕೆ ನಾವು ಮೂವರು, ಠಾಣೆಯಲ್ಲಿ ರೈಲುಗಾಡಿ ಬದಲಿಸಿ, ಬೇಲಾಪುರಕ್ಕೆ ದಯಮಾಡಿಸಿದೆವು.

ಮಗಳು ಒಳಗೆ, ನಾವು ಹೊರಗೆ ಬೆಂಚಿನ ಮೇಲೆ. ಕೊನೆಗೆ ಪ್ರೊಫೆಸರರೇ ಹೊರಗೆ ಬಂದರು. ಉತ್ತರದ ಕಡೆಯವರು. ಮನೆಯ ಹಿರಿಯರ ಒಪ್ಪಿಗೆಯೂ ಇರಲಿ ಎಂದೋ ಏನೋ, ಹಿಂದಿಯಲ್ಲಿ ವಿನಯದಿಂದ ಕೇಳಿದರು: ನಿಮ್ಮ ಮಗಳದ್ದೇ ಮೊದಲ ಸ್ಥಾನ, ಫೆಲೋಶಿಪ್ ಬೇಕು ತಾನೆ? ಬೇಡವಾದರೆ ಎರಡನೆಯವರಿಗೆ ಕೊಡುತ್ತೇವೆ.

ಇಲ್ಲಿ ನಮ್ಮ ಕರಾವಳಿಯ ಒಂದು ಕಾನೂನನ್ನು ಓದುಗರಲ್ಲಿ ಅರಿಕೆ ಮಾಡಿಕೊಳ್ಳಬೇಕು. ಯಾರು ಏನೇ ಕೊಟ್ಟರೂ ಮೊದಲು ಬೇಡ ಎನ್ನತಕ್ಕದ್ದು. ಮತ್ತೆ ಒತ್ತಾಯಿಸಿದರೆ, ಅಯ್ಯೋ ಯಾಕೆ ಸುಮ್ಮನೆ, ಎನ್ನತಕ್ಕದ್ದು. ಆಮೇಲೆ ಕೈ ಚಾಚತಕ್ಕದ್ದು. ಕೇಳಿದ ಕೂಡಲೇ ಕೈ ಚಾಚಿದವನನ್ನು ಬರಗೆಟ್ಟವನು ಎನ್ನುತ್ತಾರೆ.

“ಛೇ ಛೇ, ನಹೀ ಸಾಬ್, ಆಪ್ ಕಾ ಆಶೀರ್ವಾದ್ ಬಸ್ ಹೈ,” ಎಂದು ಕೈಮುಗಿದೆ. ಜಲಜ ಮೆಚ್ಚಿ ತಲೆಯಾಡಿಸಿದಳು. ಇಬ್ಬರೂ ಒತ್ತಾಯಕ್ಕೆ ಕಾದೆವು.

“ಬಹುತ್ ಅಚ್ಛಾ,” ಎಂದು ಪ್ರೊಫೆಸರರು ಒಳಗೆ ಹೋಗಿಬಿಟ್ಟರು!

“ಇವರೆಂತ, ಇನ್ನೊಂದು ಸಲ ಕೇಳ್ಲೇ ಇಲ್ಲ?” ಎಂದಳು ಜಲಜ.

“ಬರ್ತಾರೆ, ಇರು.”

ಬಂದದ್ದು ಮಗಳು. ಮುಖ ಬಿಳಿಚಿಕೊಂಡಿತ್ತು. “ಪಪ್ಪಾ, ತುಮ್‌ನೇ ಫೆಲೋಶಿಪ್ ನಹೀ ಚಾಹಿಯೇ ಬೋಲಾ?” ಅವಳ ಕಣ್ಣು ತುಂಬಿತು. ಅವಳು ಗೆದ್ದು ತಂದದ್ದನ್ನು ನಾನು ಮರ್ಯಾದೆಗೆ ದಾನ ಮಾಡಿದ್ದೆ.

“ನಿಮ್ಮ ಮರ್ಯಾದೆಗೆ ಬೆಂಕಿ ಬೀಳ್ಲಿ ಮಾರಾಯ್ರೆ, ಹೋಗಿ ಹೇಳಿ,” ಎಂದಳು ಜಲಜ. ತಾನೂ ತಲೆಯಾಡಿಸಿದ್ದು ಅವಳಿಗೆ ಆಗಲೇ ಮರೆತಿತ್ತು.

ಬಾಗಿಲು ತಳ್ಳಿ ಒಳನುಗ್ಗಿದೆ. “ಸಾಬ್, ಹಮಾರೇ ಗಾಂವ್ ಮೇ ಪಹಲೇ ನಾ ಬೋಲನಾ ಪಡ್ತಾ ಹೈ. ಆಪ್ ಫಿರ್ ಸೇ ಪೂಛೋ.”

ನಮ್ಮೂರಲ್ಲಿ ಮೊದಲು ಬೇಡ ಎನ್ನಬೇಕು, ನೀವು ಇನ್ನೊಮ್ಮೆ ಕೇಳಿ ಎಂದರೆ ಅವರಿಗೆ ತಲೆಬುಡ ತಿಳಿಯಲಿಲ್ಲ. ನಾನು ಏದುಸಿರು ಬಿಡುವುದನ್ನು ನೋಡಿ ನೀರಿನ ಲೋಟ ಮುಂದೆ ಮಾಡಿದರು. ಗಂಟಲು ಒಣಗಿಹೋಗಿತ್ತು.

“ನಹೀ ನಹೀ, ತಕ್ಲೀಫ್ ಮತ್ ಕೀಜಿಯೇ,” ಎಂದಿತು ನನ್ನ ಬಾಯಿ. ಕಣ್ಣು ಮಾತ್ರ ಲೋಟ ಬಿಟ್ಟು ಕದಲಲಿಲ್ಲ.

ಅವರು ನನ್ನನ್ನು ನೋಡಿದರು, ಲೋಟವನ್ನು ನೋಡಿದರು, ಕುರ್ಚಿ ಅಲುಗಾಡುವಷ್ಟು ನಕ್ಕರು. ಲೋಟವನ್ನು ನನ್ನ ಕೈಯಲ್ಲೇ ಇಟ್ಟು ಕೇಳಿದರು, “ಅಬ್ ಬತಾಯಿಯೇ, ಫೆಲೋಶಿಪ್ ಚಾಹಿಯೇ?”

“ಚಾಹಿಯೇ! ಚಾಹಿಯೇ!” ನನ್ನ ಧ್ವನಿ ಕೆಳಗಿನ ಕ್ಯಾಂಟೀನಿನವರೆಗೂ ಕೇಳಿಸಿತಂತೆ.

ಆ ಪುಣ್ಯಾತ್ಮರಿಗೆ ನಾನು ಇಂದಿಗೂ ಋಣಿ. ಒಮ್ಮೆ ಬೇಡ ಎಂದಿರಲ್ಲ ಎಂದು ಹೊರಗೆ ಕಳಿಸಿದ್ದರೆ ಕೇಳುವವರಿರಲಿಲ್ಲ. ಗುರುತು ಪರಿಚಯವಿಲ್ಲದ ಒಬ್ಬ ಹೋಟೆಲಿನವನ ಬೇಡದೊಳಗಿನ ಬೇಕನ್ನು ಅವರು ಕೇಳಿಸಿಕೊಂಡರು. ನನ್ನ ಮಗಳು ಡಾಕ್ಟರ್ ಸೌಮ್ಯಾ ಆದದ್ದು ಆ ಫೆಲೋಶಿಪ್ಪಿನಿಂದ.

ಈಗ ಅವಳೇ ಸಂಶೋಧನೆಗೆ ವಿದ್ಯಾರ್ಥಿಗಳನ್ನು ಆರಿಸುತ್ತಾಳೆ. ಮೊನ್ನೆ ಹೆಮ್ಮೆಯಿಂದ ಅವಳ ವಿಭಾಗ ನೋಡಲು ಹೋದೆವು. ಕೋಣೆಯ ಹೊರಗೆ ದಪ್ಪ ಅಕ್ಷರದ ಬೋರ್ಡು: ಸಂದರ್ಶನದ ದಿನ ತಂದೆಯಂದಿರಿಗೆ ಪ್ರವೇಶವಿಲ್ಲ.

ತಾಯಂದಿರ ವಿಷಯ ಏನೂ ಬರೆದಿರಲಿಲ್ಲ.